ನಮ್ಮವನದೇ ರಕ್ತ

ಮಲೇರಿಯಾ ಎಂದು ರಿಪೋರ್ಟಿನಲ್ಲಿ ಬರೆಯಲು ನನಗೆ ಕೈ ಬರಲಿಲ್ಲ. ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದು, ಕನ್ನಡಕ ಒರೆಸಿಕೊಂಡು, ಮತ್ತೆ ಅದೇ ಸ್ಲೈಡು ನೋಡಿದೆ. ಕೆಂಪು ರಕ್ತಕಣಗಳ ಒಳಗೆ ಸಣ್ಣ ಸಣ್ಣ ಉಂಗುರಗಳು, ಮಲೇರಿಯಾದ ರೋಗಾಣುಗಳು. ಸ್ಲೈಡು ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯಲ್ಲಿ ನಮ್ಮ ಕೆಳಗಿನ ಫ್ಲಾಟಿನಲ್ಲಿದ್ದ ಬಾಣಂತಿಯದು. ಆಕೆ ಊರಿನ ಕಡೆ ಹೋಗದೆ ವರ್ಷಗಳೇ ಆಗಿದ್ದವು. ಮಲೇರಿಯಾ ಹರಡದ ದೋಹಾ ಬಿಟ್ಟು ಕದಲದ ಹೆಂಗಸಿಗೆ ಮಲೇರಿಯಾ ಎಲ್ಲಿಂದ ಬರಬೇಕು?

ತೊಂಬತ್ತರ ದಶಕದ ನಡುವಿನ ಮಾತಿದು. ಮೈಸೂರಿನಿಂದ ಹೋದ ನಾನು ಅಲ್ಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿದ್ದೆ. ಒಬ್ಬರು ಕೊಟ್ಟ ರಕ್ತದ ಜೊತೆ ಯಾವ ಯಾವ ರೋಗ ಇನ್ನೊಬ್ಬರ ಮೈ ಸೇರುತ್ತದೆ ಎಂದು ಹುಡುಕುವುದೇ ನನ್ನ ಸಂಶೋಧನೆ. ಏಡ್ಸ್, ಕಾಮಾಲೆಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕುತ್ತಿದ್ದೆವು. ಮಲೇರಿಯಾ ಇತ್ತೇ ಎಂದು ರಕ್ತ ಕೊಡುವವರನ್ನು ಬಾಯಿಮಾತಿನಲ್ಲಿ ಕೇಳುತ್ತಿದ್ದೆವು, ಅಷ್ಟೇ.

ಹೆರಿಗೆಯಲ್ಲಿ ಆಕೆಗೆ ವಿಪರೀತ ರಕ್ತ ಹೋಗಿತ್ತು. ಮಂಗಳೂರು ಕಡೆಯವರಾದ ಗಂಡ ದಿನಸಿ ಅಂಗಡಿ ಇಟ್ಟುಕೊಂಡಿದ್ದರು. ಅಂದು ರಕ್ತನಿಧಿಯ ಬಾಗಿಲಲ್ಲಿ ನಿಂತು ರಂಪ ಮಾಡಿಬಿಟ್ಟರು.

"ಕಂಡವರ ರಕ್ತ ಬೇಡ ಮಾರಾಯ್ರೆ, ಯಾರಿಗೆ ಎಂತ ಕಾಯಿಲೆ ಉಂಟೋ! ಇವಳ ತಮ್ಮ ಇದ್ದಾನಲ್ಲ, ಊರಿಂದ ಬಂದಿದ್ದಾನೆ. ಬಾಂಬೆಯಲ್ಲಿ ಮೆಡಿಕಲ್ ಪಾಸ್, ಇಲ್ಲಿಯೂ ಪಾಸ್. ಇನ್ನೆಂತ ಬೇಕು?"

ವೀಸಾ ಕೊಡಲು ಮಾಡುವ ಆ ಆರೋಗ್ಯ ತಪಾಸಣೆ, ಮೆಡಿಕಲ್, ಪಾಸಾದರೆ ಮನುಷ್ಯ ಬಂಗಾರವೆಂದೇ ನಮ್ಮವರ ನಂಬಿಕೆ. ತಮ್ಮನ ರಕ್ತ ಹೊಂದಿತು, ಅಕ್ಕ ಉಳಿದಳು. ಮನೆಗೆ ಹೋದ ಮೇಲೆ ಜ್ವರ ಹಿಡಿಯಿತು. ಬಾಣಂತಿ ಜ್ವರವೆಂದೇ ಎಲ್ಲರೂ ಔಷಧಿ ಕೊಟ್ಟರು. ಇಳಿಯದಿದ್ದಾಗ ಮತ್ತೆ ಆಸ್ಪತ್ರೆಗೆ ಸೇರಿಸಿದರು, ಸ್ಲೈಡು ನನ್ನ ಮೇಜಿಗೆ ಬಂತು.

ವಾರ್ಡಿಗೆ ಓಡಿದೆ. ಹೊರಗೆ ಕೂತಿದ್ದ ತಮ್ಮನನ್ನು ಕೇಳಿದೆ, "ಊರಲ್ಲಿ ಜ್ವರ ಬಂದಿತ್ತಾ?"

"ಬಂದಿತ್ತಲ್ಲ ಮೇಡಂ, ಮಲೇರಿಯಾ. ಬಾಂಬೆಯ ಮೆಡಿಕಲ್ ಆದ ಮೇಲೆ, ವೀಸಾಕ್ಕೆ ಕಾಯುವಾಗ. ನಮ್ಮ ಬೀದಿಯಲ್ಲಿ ಎಲ್ಲರಿಗೂ ಬರ್ತದೆ. ಚಳಿ ಬಿಟ್ಟಿತು, ಮಾತ್ರೆ ನಿಲ್ಲಿಸಿದೆ."

ನೆಗಡಿ ಬಂದಿತ್ತು ಎನ್ನುವಷ್ಟು ಸಲೀಸಾಗಿ ಹೇಳಿದ. ದೋಹಾದ ಮೆಡಿಕಲ್‌ನಲ್ಲಿ ಮಲೇರಿಯಾ ನೋಡುತ್ತಿರಲಿಲ್ಲ.

"ರಕ್ತ ತಗೊಳ್ಳೋವಾಗ ಕೇಳಿದ್ರಲ್ಲ, ಯಾಕೆ ಹೇಳ್ಲಿಲ್ಲ?"

ಅವನು ಪಕ್ಕದಲ್ಲಿ ನಿಂತಿದ್ದ ಭಾವನ ಮುಖ ನೋಡಿದ. ನರ್ಸಿನ ಇಂಗ್ಲಿಷ್ ಅವನಿಗೆ ತಿಳಿದಿರಲಿಲ್ಲ; ಎಲ್ಲದಕ್ಕೂ ಭಾವನೇ ಅರಬ್ಬಿಯಲ್ಲಿ ಮಾಫಿ, ಮಾಫಿ, ಅಂದರೆ ಏನೂ ಇಲ್ಲ, ಎಂದು ಉತ್ತರ ಕೊಟ್ಟಿದ್ದರು.

"ಅದೆಂತ ಕಾಯಿಲೆಯಾ ಮೇಡಂ?" ಎಂದರು ಅವರು. "ಬಿಟ್ಟುಹೋದ ಜ್ವರ!"

"ಬಿಟ್ಟು ಹೋಗಿಲ್ಲ. ಇವನ ರಕ್ತದಿಂದ ನಿಮ್ಮ ಹೆಂಡತಿ ಮೈಗೆ ಹೋಗಿದೆ."

ತಮ್ಮ ಗೋಡೆಗೆ ಒರಗಿ ಹಾಗೇ ನೆಲಕ್ಕೆ ಕುಸಿದ. ಮಲೇರಿಯಾದ ಔಷಧಿ ಶುರುವಾಯಿತು. ಆದರೆ ಮೊದಲೇ ಬಿಳುಚಿದ್ದವಳಲ್ಲಿ ಉಳಿದಿದ್ದ ರಕ್ತವನ್ನೂ ಜ್ವರ ತಿಂದಿತ್ತು. ಕೂಡಲೇ ಇನ್ನೊಂದು ಬಾಟ್ಲಿ ಕೊಡದಿದ್ದರೆ ಜೀವಕ್ಕೆ ಅಪಾಯ ಎಂದರು ಡಾಕ್ಟರು. ರಕ್ತನಿಧಿಯಲ್ಲಿ ಹೊಂದುವ ರಕ್ತ ಸಿದ್ಧವಿತ್ತು. ಗಂಡ ಸಹಿ ಹಾಕಬೇಕಿತ್ತು; ಮಂಚದ ಪಕ್ಕ ನಿಂತಿದ್ದ ಅವರ ಮುಂದೆ ಕಾಗದ, ಪೆನ್ನು ಹಿಡಿದೆ.

"ಆಚೆ ಅಲ್ ಖೋರ್ ಪಟ್ಟಣದಲ್ಲಿ ನನ್ನ ಅಣ್ಣನ ಮಗ ಇದ್ದಾನೆ, ಕರೆಸ್ತೇನೆ. ಮೆಡಿಕಲ್ ಪಾಸ್ ಆದವನೇ. ಕಂಡವರದ್ದು ಮಾತ್ರ ಬೇಡ."

ನಾನು ಕೇಳಿಸಿಕೊಂಡದ್ದು ನಿಜವೇ ಎಂದು ಅವರ ಮುಖವನ್ನೇ ನೋಡಿದೆ. ಇಷ್ಟಾದ ಮೇಲೂ! ಸಿಟ್ಟು ನೆತ್ತಿಗೇರಿತು. "ಅವನು ಬರೋವರೆಗೆ ಇವರು ಇರ್ತಾರೇನ್ರೀ?" ಎಂದು ವಾರ್ಡಿನಲ್ಲೇ ಕೂಗಿಬಿಟ್ಟೆ.

ಮಂಚದ ಮೇಲಿದ್ದವಳು ಕಣ್ಣು ತೆರೆದಳು. ಹೊರಗೆ ನಡೆದದ್ದು ಅವಳಿಗೆ ಗೊತ್ತಿರಲಿಲ್ಲ.

"ಜಗಳ ಯಾಕೆ? ತಮ್ಮನದ್ದೇ ಕೊಡಿ. ಮೊನ್ನೆ ನಾನು ಉಳಿದದ್ದು ಅವನಿಂದಲೇ ಅಲ್ವಾ?"

ಬಾಗಿಲಲ್ಲಿ ನಿಂತಿದ್ದ ತಮ್ಮ ಬಾಯಿಗೆ ಕೈ ಒತ್ತಿಕೊಂಡ. ಗಂಡ ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. "ಯಾರದ್ದಾದ್ರೂ ಕೊಡಿ ಮೇಡಂ," ಎಂದರು. ಸಹಿ ಮಾಡುವಾಗ ತಗ್ಗಿದ ದನಿಯಲ್ಲಿ, "ಅವಳಿಗೆ ಹೇಳ್ಬೇಡಿ," ಎಂದರು.

ಆಕೆ ಬದುಕಿ ಮನೆಗೆ ಬಂದಳು. ಮಗು ನೋಡಲು ಹೋದವರ ಮುಂದೆಲ್ಲ, ತಮ್ಮನ ರಕ್ತದಿಂದ ತಾನು ಉಳಿದೆ ಎಂದು ಹೇಳುತ್ತಿದ್ದಳು. ಅವನು ಎದ್ದು ಹೊರಗೆ ಹೋಗುತ್ತಿದ್ದ.