ಮಾವ ಹಿಡಿಸಿದ ತುಕ್ಕು

ನನ್ನ ಮಾವನವರಿಗೆ ತುಕ್ಕು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಬಣಕಲ್ ಆಚೆಯ ಒಂದು ಕಾಫಿ ಎಸ್ಟೇಟಿನಲ್ಲಿ ಅವರು ಇಂಜಿನ್ ಮೇಸ್ತ್ರಿ. ಹಣ್ಣು ಸುಲಿಯುವ ಪಲ್ಪರು, ಅದನ್ನು ತಿರುಗಿಸುವ ಇಂಜಿನ್ನು, ಬಂಗಲೆಯ ಬೀಗ, ಬಾಗಿಲ ಕೀಲು ಎಲ್ಲ ಅವರ ಸುಪರ್ದಿ. ವರ್ಷದಲ್ಲಿ ಐದು ತಿಂಗಳು ಮಳೆ ಹೊಯ್ಯುವ ಕಡೆ ಕಬ್ಬಿಣಕ್ಕೆ ತುಕ್ಕು ಹಿಡಿಯಲು ಬಿಡುವುದಿಲ್ಲ ಎಂದು ಹಟ ತೊಟ್ಟ ಮನುಷ್ಯ ಎಂಥವರಿರಬಹುದು, ನೀವೇ ಯೋಚಿಸಿ. ಮದುವೆಯಾಗಿ ಬಂದ ವಾರದಲ್ಲೇ ಈಳಿಗೆ ಮಣೆಯನ್ನು ಒದ್ದೆ ಬಿಟ್ಟಿದ್ದಕ್ಕೆ ನಾನು ಅರ್ಧ ದಿನ ಬೈಸಿಕೊಂಡಿದ್ದೆ. ಮೂಲೆಗೆ ಹೋಗಿ ಅತ್ತು, ಮನಸ್ಸಿನಲ್ಲೇ ಅವರಿಗೆ ನಾನೂ ಬೈದಿದ್ದೆ.

ಎಸ್ಟೇಟಿನ ದೊರೆ ಯುದ್ಧಕ್ಕೆ ಹೊರಡುವಾಗ ತಮ್ಮ ರೈಫಲನ್ನು ಮ್ಯಾನೇಜರ ವಶಕ್ಕೆ ಬಿಟ್ಟು ಹೋಗಿದ್ದರು. ಕಾಡುಹಂದಿಗಳು ಗದ್ದೆ ಉಳುವುದು, ಹಣ್ಣು ಕೊಯ್ಯುವ ಹೆಂಗಸರ ಮೇಲೆ ನುಗ್ಗುವುದು ನಡೆದೇ ಇತ್ತು. ಗುರಿಯಿಟ್ಟು ಹೊಡೆಯುವ ಕೈ ನನ್ನ ಗಂಡನದು. ಹೀಗಾಗಿ ಹೊಡೆಯುವುದು ಮಗನ ಕೆಲಸ, ಕೋವಿಯನ್ನು ನೋಡಿಕೊಳ್ಳುವುದು ಅಪ್ಪನ ಕೆಲಸ ಎಂದಾಯಿತು.

ಆ ಕೋವಿಯ ಹೊಟ್ಟೆಗೆ ಕೆಳಗಿನಿಂದ ಸಿಕ್ಕಿಸುವ ಒಂದು ತಗಡಿನ ಪೆಟ್ಟಿಗೆ ಇತ್ತು. ಮ್ಯಾಗಜೀನು ಎನ್ನುತ್ತಿದ್ದರು. ಅದರೊಳಗೆ ಒಂದು ಸ್ಪ್ರಿಂಗು, ಸ್ಪ್ರಿಂಗಿನ ಮೇಲೆ ಒಂದು ತಟ್ಟೆ, ತಟ್ಟೆಯ ಮೇಲೆ ಒಂದರ ಮೇಲೊಂದು ತೋಟಾ. ಒಂದು ಗುಂಡು ಹಾರಿದರೆ ಸ್ಪ್ರಿಂಗು ಮುಂದಿನದನ್ನು ಮೇಲಕ್ಕೆ ಎತ್ತಿಕೊಡಬೇಕು. ಮಾವ ಪ್ರತಿ ಭಾನುವಾರ ಜಗಲಿಯಲ್ಲಿ ಚಾಪೆ ಹಾಸಿ ಅದನ್ನು ಬಿಚ್ಚುತ್ತಿದ್ದರು. ಬೆವರಿನ ಕೈ ತಾಗಿದರೂ ತುಕ್ಕು ಎಂದು ಬಟ್ಟೆಯಲ್ಲೇ ಹಿಡಿಯುತ್ತಿದ್ದರು. ಮೂಲೆಗಳಿಗೆ ಬಿದಿರು ಕಡ್ಡಿಗೆ ಚಿಂದಿ ಸುತ್ತಿ ಸೀಮೆಎಣ್ಣೆಯಲ್ಲಿ ಅದ್ದಿ ಉಜ್ಜುವುದು, ಒಣಗಿಸುವುದು, ಆಮೇಲೆ ಮಿಷಿನ್ನಿನ ತೆಳು ಎಣ್ಣೆ ಒಂದು ಹನಿ. ಹಚ್ಚಿದ್ದನ್ನು ಮತ್ತೆ ಒಣಬಟ್ಟೆಯಲ್ಲಿ ಒರೆಸಿ ತೆಗೆಯುತ್ತಿದ್ದರು. ಇದ್ಯಾಕೆ ಹಚ್ಚಿ ಒರೆಸುವ ಶಾಸ್ತ್ರ ಎಂದು ನಾನೊಮ್ಮೆ ನಕ್ಕಿದ್ದೆ.

"ಎಣ್ಣೆ ಹಚ್ಚಕ್ಕೆ ಎಲ್ರಿಗೂ ಬರ್ತದೆ ಮಾರಾಯ್ತಿ, ಒರ್ಸಕ್ಕೆ ಬರಲ್ಲ" ಅಂದಿದ್ದರು. ಆ ಮಾತು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಯುದ್ಧದ ಎರಡನೇ ವರ್ಷದ ಪುಷ್ಯಮಾಸ. ಇಂಜಿನ್ನಿನ ಬೆಲ್ಟು ಹುಡುಕಿಕೊಂಡು ಮಾವ ಚಿಕ್ಕಮಗಳೂರಿಗೆ ಹೋಗಿದ್ದರು. ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವ ಕಾಲ. ಹೋದವರು ಭಾನುವಾರ ಕಳೆದರೂ ಬರಲಿಲ್ಲ. ಸೋಮವಾರ ನನ್ನ ಗಂಡ ಕೆಲಸಕ್ಕೆ ಹೊರಟಾಗ "ಆ ಮ್ಯಾಗಜೀನು ಒಂಚೂರು ನೋಡಿಡು, ಅಪ್ಪ ಬಂದ್ರೆ ಕೂಗಾಡ್ತಾರೆ" ಎಂದು ಹೇಳಿಹೋದರು. ಅತ್ತೆ ಕಾಫಿ ಕಣದಲ್ಲಿದ್ದರು. ಮನೆಯಲ್ಲಿ ನಾನೊಬ್ಬಳೇ.

ಒಳಗಿನ ಮೂಲೆಯಲ್ಲಿ ಸಾಸಿವೆಯಷ್ಟು ತುಕ್ಕು ಕಂಡಿತು. ದೀಪಕ್ಕೆ ಇಟ್ಟಿದ್ದ ಸೀಮೆಎಣ್ಣೆಯಲ್ಲಿ ಉಜ್ಜಿ ತೆಗೆದೆ. ಅಷ್ಟಕ್ಕೆ ಬಿಟ್ಟಿದ್ದರೆ! ಮಿಷಿನ್ನಿನ ಎಣ್ಣೆಯ ಡಬ್ಬಿಯಲ್ಲಿ ತಳದ ಗಸಿ ಬಿಟ್ಟು ಏನೂ ಇರಲಿಲ್ಲ. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಇತ್ತು. ಚಳಿಗೆ ಸೀಸೆಯಲ್ಲೇ ಬೆಳ್ಳಗೆ ಗಟ್ಟಿಯಾಗಿತ್ತು. ಒಲೆಯ ಪಕ್ಕ ಇಟ್ಟು ಕರಗಿಸಿದೆ, ಸ್ಪ್ರಿಂಗು ಮುಳುಗುವಷ್ಟು ಹೊಯ್ದೆ. ಕರಗಿಸಿ ಹೊಯ್ದ ಎಣ್ಣೆ ಬೆಳಗಾದರೆ ಮತ್ತೆ ಗಟ್ಟಿಯಾಗುತ್ತದೆ ಎಂದು ಹೊಳೆಯದ ತಲೆ ನನ್ನದು. ಒರೆಸಲೂ ಇಲ್ಲ. ಎಣ್ಣೆ ಹೆಚ್ಚಿದ್ದಷ್ಟೂ ತುಕ್ಕು ದೂರ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಮಾವನ ಬಾಯಿಂದ ಒಂದು ಶಭಾಸ್ ಬೇಕಿತ್ತು ನನಗೆ.

ಸಂಜೆ ಬಂದ ನನ್ನ ಗಂಡ ಅದರ ಹೊಳಪು ನೋಡಿ "ಅಪ್ಪನ್ ಕೆಲ್ಸ ನೀನೇ ಕಿತ್ಕೊಳ್ತೀಯ ನೋಡು" ಎಂದು ನಕ್ಕರು. ತೋಟಾ ತುಂಬಿ ಸಿಕ್ಕಿಸಿ, ಕೋವಿಯನ್ನು ಜಗಲಿಯ ಗೂಟಕ್ಕೆ ನೇತು ಹಾಕಿದರು.

ಮರುದಿನ ಬೆಳಕು ಹರಿಯುವಾಗ ಎಸ್ಟೇಟಿನ ವಾಚರು ಓಡಿ ಬಂದ. ಯಾರದೋ ಉರುಳಿಗೆ ಸಿಕ್ಕು ಕಾಲು ಹರಿದುಕೊಂಡ ಹಂದಿಯೊಂದು ಕೊಯ್ಲು ನಡೆಯುತ್ತಿದ್ದ ತೋಟದಲ್ಲೇ ಬಂದು ಮಲಗಿದೆಯಂತೆ. ಇನ್ನೊಂದು ಗಳಿಗೆಗೆ ಹೆಂಗಸರು ಮಕ್ಕಳು ಬುಟ್ಟಿ ಹಿಡಿದು ಅಲ್ಲಿಗೇ ಬರುವವರು. ನನ್ನ ಗಂಡ ಕಾಫಿಯನ್ನೂ ಪೂರ್ತಿ ಕುಡಿಯದೆ ಹೋದರು. ನೆಲದಲ್ಲಿ ಕಾಲಿಡಲಾಗದಂಥ ಚಳಿ.

ಅವರನ್ನು ಕಂಬಳಿಯಲ್ಲಿ ಹೊತ್ತು ತಂದರು. ತೊಡೆ ಸೀಳಿ ಹೋಗಿತ್ತು. ಪಲ್ಪರ್ ಮನೆಯ ಹತ್ತಿರ ಬರುವಷ್ಟರಲ್ಲೇ ಜೀವ ಹೋಗಿತ್ತಂತೆ. ವಾಚರು ನಮ್ಮ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ. "ಮೊದ್ಲೇಟು ಬಿತ್ತು ಅಮ್ಮ. ಹಂದಿ ತಿರುಗ್ತು. ಎರಡ್ನೇ ಏಟಿಗೆ ಬೋಲ್ಟು ಎಳ್ದು ತಳ್ಳಿದ್ರು, ಖಟ್ ಅಂತು ಅಷ್ಟೇ. ಗುಂಡು ಮೇಲೆ ಬರ್ಲೇ ಇಲ್ಲ."

ಎಲ್ಲರೂ ಅಳುತ್ತಿದ್ದರು. ನನಗೆ ಮಾತ್ರ ಆ ಕ್ಷಣವೇ ತಿಳಿದುಹೋಯಿತು. ಒಳಗೆ ಹೋಗಿ ಗೂಡಿನಲ್ಲಿದ್ದ ಸೀಸೆ ನೋಡಿದೆ, ಎಣ್ಣೆ ಮತ್ತೆ ಬೆಳ್ಳಗೆ ಗಟ್ಟಿಯಾಗಿತ್ತು.

ಮಾವ ಮಧ್ಯಾಹ್ನದ ಬಸ್ಸಿಗೆ ಬಂದರು, ಹೆಗಲ ಮೇಲೆ ಹೊಸ ಬೆಲ್ಟು. ಅದನ್ನು ಇಳಿಸುವುದು ಮರೆತು ಹಾಗೇ ಮಗನ ಪಕ್ಕದಲ್ಲಿ ಕೂತರು.

ಮಣ್ಣು ಮುಗಿದ ಮಾರನೆಯ ಬೆಳಗ್ಗೆ ಅವರು ಬಚ್ಚಲಿನ ಹಿಂದೆ ಕೂತು ಕೋವಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ನಾನು ನೀರಿಗೆಂದು ಹೋದವಳು ನಿಂತೆ. ಮ್ಯಾಗಜೀನು ಕಳಚಿ ತೋಟಾ ತೆಗೆದರು. ತಟ್ಟೆ ಮೇಲೇಳಲಿಲ್ಲ, ತಳದಲ್ಲೇ ಕೂತಿತ್ತು. ಬೆರಳು ಹಾಕಿ ಎಳೆದರೆ ಉಗುರಿಗೆ ಬಿಳಿ ಎಣ್ಣೆ ಬಂತು. ಮೂಸಿದರು. ತಲೆ ಎತ್ತಿ ನನ್ನನ್ನು ನೋಡಿದರು. ನಾನು ಬಾಯಿ ತೆರೆದೆ. ಅವರು ಬೇಡ ಎಂದು ಕೈ ಮಾಡಿದರು.

"ನಿಮ್ಮತ್ತೆಗೆ ಗೊತ್ತಾ?"

"ಇಲ್ಲ ಮಾವ."

"ಗೊತ್ತಾಗೋದು ಬೇಡ ಮಗ. ನಿನ್ನ ಈ ಮನೇಲಿ ನಿಲ್ಲಕ್ಕೆ ಬಿಡಲ್ಲ ಅವ್ಳು."

ನನಗೆ ತವರಿನಲ್ಲಿ ಯಾರೂ ಇರಲಿಲ್ಲ. ಮಡಿಲಲ್ಲಿ ಮಗುವೂ ಇರಲಿಲ್ಲ. ಗಂಡನನ್ನು ತಿಂದವಳು ಎಂದು ಹೊರಗೆ ಹಾಕಿದರೆ ಹೋಗಲು ಒಂದು ಹೊಸ್ತಿಲಿರಲಿಲ್ಲ. ಅದು ಅವರಿಗೂ ಗೊತ್ತಿತ್ತು.

ಅವರು ಬಿಸಿನೀರು, ಸೀಗೆಪುಡಿ ಹಾಕಿ ಆ ಎಣ್ಣೆಯನ್ನು ಒಂದು ಚೂರೂ ಉಳಿಯದಂತೆ ತೊಳೆದರು. ಮುಗಿಯಿತು ಎಂದುಕೊಂಡೆ. ಆಮೇಲೆ ಒಳಗೆ ಹೋಗಿ ಒಂದು ಹಿಡಿ ಉಪ್ಪು ತಂದರು. ನೀರಿಗೆ ಕಲಸಿ, ಬಟ್ಟೆ ಅದ್ದಿ, ಪೆಟ್ಟಿಗೆ, ಸ್ಪ್ರಿಂಗು, ತಟ್ಟೆ ಮೂರನ್ನೂ ಅದರಲ್ಲಿ ಸುತ್ತಿ ಬಚ್ಚಲೊಲೆಯ ಬಿಸಿಗೆ ಇಟ್ಟರು. ಹೊತ್ತು ಹೊತ್ತಿಗೆ ಬಿಚ್ಚಿ ಗಾಳಿ ತೋರಿಸಿ ಮತ್ತೆ ಉಪ್ಪುನೀರು ಚಿಮುಕಿಸುತ್ತಿದ್ದರು. ಈಳಿಗೆ ಮಣೆಯ ತುಕ್ಕನ್ನೂ ಸಹಿಸದ ಮನುಷ್ಯ ತನ್ನ ಕೈಯಾರೆ ತುಕ್ಕು ಬೆಳೆಸುತ್ತ ಕೂತಿದ್ದರು, ಮತ್ತು ಅಳುತ್ತಿದ್ದರು. ಎರಡನೇ ದಿನ ಸಂಜೆಗೆ ಸ್ಪ್ರಿಂಗು ಕೆಂಪಾಯಿತು. ನಾನು ಬಾಗಿಲ ಹಿಂದೆ ನಿಂತು ಎಲ್ಲ ನೋಡಿದೆ. ತಡೆಯಲಿಲ್ಲ.

ಮಾರನೆಯ ದಿನ ಮ್ಯಾನೇಜರೂ ಪೊಲೀಸ್ ಸಬ್ ಇನ್‌ಸ್ಪೆಕ್ಟರೂ ಸಾವಿನ ವಿಚಾರಣೆಗೆ ಬಂದರು. ಮ್ಯಾಗಜೀನಿನೊಳಗೆ ಬೆರಳಾಡಿಸಿದ ಇನ್‌ಸ್ಪೆಕ್ಟರು ಕೆಂಪು ಹತ್ತಿದ ಬೆರಳನ್ನು ಮಾವನ ಮುಖದ ಮುಂದೆ ಹಿಡಿದರು.

"ನಂದೇ ತಪ್ಪು ಸ್ವಾಮಿ" ಅಂದರು ಮಾವ. "ಮೇಲ್ಮೇಲೆ ಒರೆಸ್ತಿದ್ದೆ. ಒಳಗಿನ ಸ್ಪ್ರಿಂಗು ಮಳೆಗಾಲದಿಂದ ಬಿಚ್ಚಿರ್ಲಿಲ್ಲ."

ಅತ್ತೆ ಒಳಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಪ್ರತಿ ಭಾನುವಾರ ಮಾವ ಅದನ್ನು ಬಿಚ್ಚುವುದನ್ನು ಕಣ್ಣಾರೆ ಕಂಡವರು. ಆದರೂ ನಂಬಿದರು. ಗಂಡ ತನ್ನ ಬಾಯಿಂದಲೇ ಹೇಳಿದ ಮಾತು, ನಂಬದೆ ಏನು ಮಾಡಿಯಾರು? ಆ ಹೊತ್ತಿನಿಂದ ಮಾವನ ಜೊತೆ ಮಾತು ಬಿಟ್ಟರು. ತಟ್ಟೆ ಇಡುತ್ತಿದ್ದರು, ಬಡಿಸುತ್ತಿದ್ದರು, ಮುಖ ನೋಡುತ್ತಿರಲಿಲ್ಲ.

ಮ್ಯಾನೇಜರು ಮಾವನನ್ನು ಇಂಜಿನ್ನಿನಿಂದ ತೆಗೆದು ಕಣದಲ್ಲಿ ಕಾಫಿ ಹರಡುವ ಕೆಲಸಕ್ಕೆ ಹಾಕಿದರು. ಹಿಂದೆ ಅವರ ಕೈಕೆಳಗೆ ದುಡಿದವರೇ ಈಗ "ತುಕ್ಕು ಮೇಸ್ತ್ರಿ" ಎಂದು ಕೂಗಿ ನಗುತ್ತಿದ್ದರು. ಅವರು ಕತ್ತು ತಗ್ಗಿಸಿ ಕಾಫಿ ಹರಡುವ ಹಲುಬೆ ಎಳೆಯುತ್ತಿದ್ದರು.

ಇತ್ತ ಅತ್ತೆ ನನ್ನನ್ನು ಅಂಗೈಯಲ್ಲಿಟ್ಟು ನೋಡಿಕೊಂಡರು. ನನ್ನ ಹೊಟ್ಟೆಯ ಮಗಳೇ ಎನ್ನುತ್ತಿದ್ದರು. ತಲೆಗೆ ಎಣ್ಣೆ ಹಚ್ಚಲು ಕರೆಯುತ್ತಿದ್ದರು. ನಾನು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ನಾಲ್ಕು ವರ್ಷ ಆ ಕೈತುತ್ತು ತಿಂದೆ. ಹೇಡಿತನಕ್ಕೆ ಬೇರೆ ಹೆಸರಿಡಲು ನನಗೆ ಮನಸ್ಸಿಲ್ಲ.

ಯುದ್ಧ ಮುಗಿದ ವರ್ಷ ಮಾವನಿಗೆ ನ್ಯುಮೋನಿಯ ಹಿಡಿಯಿತು. ಮೂಡಿಗೆರೆಯ ಡಾಕ್ಟರು ಬಂದು ನೋಡಿ, ಕೈ ತೊಳೆದುಕೊಂಡು ಹೋದರು. ಬೆಳಗ್ಗೆ ಹತ್ತು ಗಂಟೆಯ ಹೊತ್ತು. ಮಾವನಿಗೆ ಮಾತು ಆಡಲು ಉಸಿರು ಸಾಲುತ್ತಿರಲಿಲ್ಲ.

"ಅವ್ಳನ್ನ ಕರಿ" ಅಂದರು. "ಒಂದ್ಸಲ ಮಾತಾಡ್ಲಿ."

ಅಡಿಗೆಮನೆಗೆ ಹೋದೆ. ಅತ್ತೆ ಅಕ್ಕಿ ಆರಿಸುತ್ತ ಕೂತಿದ್ದರು. ತಲೆ ಎತ್ತಲಿಲ್ಲ. "ನನ್ ಮಗನ್ನ ಕೊಂದವ್ರ ಬಾಯಿಗೆ ನಾನು ನೀರು ಬಿಡಲ್ಲ" ಅಂದರು. "ನೀನೇ ಬಿಡು ಹೋಗು."

ಒಂದೇ ಒಂದು ಮಾತು ಸಾಕಿತ್ತು. ಎಣ್ಣೆ ಹೊಯ್ದವಳು ನಾನು ಅತ್ತೆ, ಅಷ್ಟೇ. ಹೇಳಿದ್ದರೆ ಅವರು ಮೊರ ಬಿಸಾಕಿ ಓಡಿ ಬರುತ್ತಿದ್ದರು. ನಾನು ನೀರಿನ ಬಿಂದಿಗೆಯತ್ತ ತಿರುಗಿದೆ. ಲೋಟಕ್ಕೆ ನೀರು ತುಂಬಿಕೊಂಡು ಕೋಣೆಗೆ ಬಂದೆ.

"ಬರ್ತಿದಾರೆ ಮಾವ" ಎಂದೆ.

ಅವರು ನನ್ನ ಮಾತು ನಂಬಿ, ಬಾಗಿಲ ಕಡೆಗೆ ಮುಖ ತಿರುಗಿಸಿಕೊಂಡರು. ಹಾಗೆ ಕಾಯುತ್ತಲೇ ಹೋದರು.