ಹಿಂದೆಯೂ ಪೈರು

ಕಲೆಯನ್ನು ಅರ್ಥ ಮಾಡಿಕೊಳ್ಳಲು ಜೀವಮಾನದ ಸಾಧನೆ ಬೇಕು. ನಮ್ಮ ಯಾದವಗಿರಿ ಮನೆಯ ಕೆಲಸದಾಕೆಗೆ ಪೊರಕೆ ಕೆಳಗಿಡುವಷ್ಟು ಹೊತ್ತು ಸಾಕಾಯಿತು. ದಸರಾ ಚಿತ್ರಸ್ಪರ್ಧೆಗೆ ಮಾರನೇ ದಿನವೇ ಕೊಡಬೇಕಿದ್ದ ನನ್ನ ‘ಭತ್ತದ ನಾಟಿ’ಯ ಮುಂದೆ ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತಳು. ತೀರ್ಪಿಗೆ ಮುಂಚೆ ಸೆರಗು ಸಿಕ್ಕಿಸುವುದು ಆಕೆಯ ಪದ್ಧತಿ.

“ತಪ್ಪು ತಿಳ್ಕೋಬ್ಯಾಡಿ ಸಾರ್,” ಎಂದಳು. ನಮ್ಮ ತಪ್ಪು ಹೇಳುವಾಗಲೆಲ್ಲ ಇದೇ ಪೀಠಿಕೆ. “ನಾಟಿ ಮಾಡೋರು ಹಿಂದಿಂದಕ್ಕೆ ಹೋಯ್ತಾರೆ. ಅವ್ರ ಬೆನ್ನಿಂದೆ ಬರೀ ಕೆಸರಿರ್ತದೆ. ನಿಮ್ಮೋರ ಹಿಂದೆನೂ ಪೈರು ನಿಂತದಲ್ಲ!”

“ಅಷ್ಟೂ ಪೈರು ಅಳಿಸೋಕೆ ಈಗ ಹೊತ್ತೆಲ್ಲಿದೆ ಕಣಮ್ಮ?”

“ಯಾಕೆ ಅಳಿಸ್ತೀರಿ? ಕಳೆ ಕೀಳ್ತಾವ್ರೆ ಅಂದ್ಬುಡಿ. ಕೈಲಿರೋದೂ ಹುಲ್ಲಂಗೇ ಕಾಣ್ತದೆ.”

ಪೊರಕೆ ಎತ್ತಿಕೊಂಡು ಹೊರಟಳು. ನಾನು ಹೆಸರೊಂದನ್ನೇ ಬದಲಾಯಿಸಿದೆ.

‘ಕಳೆ ಕೀಳುವವರು’ ಚಿತ್ರಕ್ಕೆ, ನೈಜತೆಗಾಗಿ, ಎರಡನೇ ಬಹುಮಾನ ಬಂತು.