ಲಕ್ಷದ ಮೇಲೊಂದು ಬತ್ತಿ

ಐವತ್ತರ ದಶಕದ ಒಂದು ಕಾರ್ತಿಕ. ಅಮ್ಮನನ್ನು ಹೊಟ್ಟೆಯ ಆಪರೇಷನ್ನಿಗೆಂದು ಆಸ್ಪತ್ರೆಗೆ ಸೇರಿಸಿದ್ದರು. ಲಕ್ಷ್ಮೀಪುರಂನ ನಮ್ಮ ನಡುಮನೆಯ ತುಂಬ ಹತ್ತಿ. ಅಜ್ಜಿ ಲಕ್ಷಬತ್ತಿಯ ಹರಕೆ ಹೊತ್ತಿದ್ದರು. ಬರೀ ಲಕ್ಷವಲ್ಲ, ಲಕ್ಷದ ಮೇಲೊಂದು.

"ನೂರು ನೂರಾಗಿ ಕಟ್ಟಿ. ಕೊನೇಲಿ ಒಂದು ಉಳೀಬೇಕು. ಅದು ನಿಮ್ಮಮ್ಮಂದು ಕಣೇ, ಯಾವ ಕಟ್ಟಿಗೂ ಸೇರಿಸಬಾರ್ದು," ಎಂದು ನನಗೆ ಹೇಳಿದ್ದರು.

ದೊಡ್ಡಮ್ಮನಿಗೆ ಅದು ಸರಿಬರಲಿಲ್ಲ. "ಅಷ್ಟು ದಪ್ಪ ಕಟ್ಟಿದ್ರೆ ಒಳಕ್ಕೆ ತುಪ್ಪ ಇಳಿಯಲ್ಲ ಅತ್ತೆ. ಹನ್ನೊಂದರಂತೆ ಕಟ್ಬುಡೋಣ. ಶುಭಾನೂ ಆಯ್ತು."

"ಹೂಂ, ಹೆಂಗೆ ಕಟ್ಟಿದ್ರೂ ಒಂದು ಉಳಿಯುತ್ತಲ್ಲ," ಅಂದರು ಅಜ್ಜಿ.

ಕಾನ್ವೆಂಟಿನಲ್ಲಿ ನಮಗೆ ಆಗಷ್ಟೇ ಪ್ರೈಮ್ ನಂಬರ್ ಹೇಳಿಕೊಟ್ಟಿದ್ದರು. ಒಂದರಿಂದ ಮತ್ತು ತನ್ನಿಂದಲ್ಲದೆ ಬೇರಾವುದರಿಂದಲೂ ಭಾಗವಾಗದ ಸಂಖ್ಯೆ. ಲಕ್ಷದೊಂದು ಪ್ರೈಮ್ ಆಗಿದ್ದರೆ ಹನ್ನೊಂದರ ಕಟ್ಟು ಕಟ್ಟಿದರೂ ಏನಾದರೂ ಉಳಿದೇ ಉಳಿಯುತ್ತದೆ. ಸ್ಲೇಟು ಹಿಡಿದು ಕೂತೆ. ಮೂರಕ್ಕೆ ಬಗ್ಗಲಿಲ್ಲ. ಏಳರಿಂದ ಭಾಗಿಸಿದರೆ ಆರು ಉಳಿಯಿತು. ಧೈರ್ಯ ಬಂತು. ಹನ್ನೊಂದಕ್ಕೆ ಬಂದೆ. ಒಂಬತ್ತು ಸಾವಿರದ ತೊಂಬತ್ತೊಂದು ಸಲ ಹೋಯಿತು, ಶೇಷ ಸೊನ್ನೆ. ಪ್ರೈಮ್ ಅಲ್ಲ, ಕಾಂಪೋಸಿಟ್. ಅಳಿಸಿ ಮತ್ತೆ ಮಾಡಿದೆ. ಮತ್ತೆ ಸೊನ್ನೆ.

"ಒಂದು ಉಳಿಯಲ್ಲ ದೊಡ್ಡಮ್ಮ, ಲೆಕ್ಕ ಮಾಡಿದೀನಿ."

"ಲಕ್ಷಕ್ಕಿಂತ ಒಂದು ಜಾಸ್ತಿ ಇದ್ಮೇಲೆ ಉಳಿಯದೆ ಎಲ್ಲಿಗೆ ಹೋಗುತ್ತೆ? ನಿಮ್ಮ ಕಾನ್ವೆಂಟಿನ ಸಿಸ್ಟರ್ ತಿಂದ್ಬುಡ್ತಾರಾ?" ಅಜ್ಜಿ ದೇವರಮನೆಯಲ್ಲಿದ್ದರು, ಮಿಕ್ಕವರೆಲ್ಲ ನಕ್ಕರು. ನಾನು ಬಚ್ಚಲಿಗೆ ಹೋಗಿ ಅತ್ತೆ.

ಮರುದಿನ ಟಿಫಿನ್ ಕ್ಯಾರಿಯರ್ ಹಿಡಿದು ಆಸ್ಪತ್ರೆಗೆ ಹೋದಾಗ ಅಮ್ಮನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಹೇಳಬಾರದಿತ್ತೇನೋ, ತಡೆಯಲಾಗಲಿಲ್ಲ. ಅಮ್ಮ ಒಣಗಿದ ತುಟಿಯಲ್ಲಿ ನಕ್ಕಳು.

"ಶೇಷ ಸೊನ್ನೆ ಬಂದ್ರೆ ಲೆಕ್ಕ ಸಲೀಸು ಅಂತ ಕುಣೀತಿದ್ದೆಯಲ್ಲೇ. ಈಗ್ಯಾಕೆ ಅಳು?" ಆಮೇಲೆ, "ಅಜ್ಜಿಗೆ ಹೇಳ್ಬೇಡ ಕಣಮ್ಮ. ಅವರಿಗೆ ಅದೊಂದೇ ಧೈರ್ಯ," ಅಂದಳು.

ಹೇಳಲಿಲ್ಲ. ಹತ್ತಿ ಮುಗಿಯುತ್ತ ಬಂದಂತೆ ನನಗೆ ಊಟ ಸೇರದಾಯಿತು. ಕೊನೆಯ ಸಂಜೆ ದೊಡ್ಡಮ್ಮ ಕೊನೆಯ ಕಟ್ಟಿಗೆ ದಾರ ಸುತ್ತಿದರು. ಸರಿಯಾಗಿ ಹನ್ನೊಂದು. ಚಾಪೆ ಬರಿದಾಗಿತ್ತು.

ಅಜ್ಜಿ ಚಾಪೆ ಎತ್ತಿ ನೋಡಿದರು, ಸೆರಗು ಕೊಡವಿದರು. ಅಜ್ಜಿಯ ಎಣಿಕೆ ತಪ್ಪುವುದಿಲ್ಲವೆಂದು ಮನೆಯವರೆಲ್ಲ ನಂಬಿದ್ದರು. "ನನಗೇ ತಪ್ಪಿಹೋಯ್ತೇನೋ, ವಯಸ್ಸಾಯ್ತು," ಎಂದು ಗೊಣಗಿದರು. ಕೊನೆಗೆ ಅಜ್ಜಿ ಆ ಕಟ್ಟನ್ನು ಬಿಚ್ಚಿ, ಒಂದು ಬತ್ತಿಯನ್ನು ಎಳೆದುಕೊಂಡು, ಉಳಿದ ಹತ್ತನ್ನು ಮತ್ತೆ ಕಟ್ಟಿದರು. ಗಂಟು ಹಾಕಲು ಬಹಳ ಹೊತ್ತು ಹಿಡಿಯಿತು.

ಅಮ್ಮ ಮನೆಗೆ ಬಂದಳು, ಗುರುತು ಸಿಗದಷ್ಟು ಸೊರಗಿ. ಆ ಒಂಟಿ ಬತ್ತಿಯನ್ನು ಅವಳ ಕೈಯಲ್ಲೇ ಹಚ್ಚಿಸಿದರು. ಎಲ್ಲರೂ ದೀಪ ನೋಡುತ್ತಿದ್ದರೆ ಅಜ್ಜಿಯ ಕಣ್ಣು ಮಾತ್ರ ಹತ್ತೇ ಬತ್ತಿಯಿದ್ದ ಆ ಕಟ್ಟಿನ ಮೇಲಿತ್ತು. ನನ್ನ ಕಣ್ಣು ಅಮ್ಮನ ಮೇಲೆ.